ಎಂಬಿಬಿಎಸ್ ಆದಮೇಲೆ ನೇರವಾಗಿ ಪಿಎಚ್‌ಡಿನಾ, ಇಲ್ಲ ಎಂಡಿ ಮುಗಿಸಿನಾ?

ಎಂಬಿಬಿಎಸ್ ಮೂರನೇ ವರ್ಷ, ರಿಸರ್ಚ್ ಮೇಲೆ ಆಸೆ, ರೋಗಿಗಳನ್ನು ನೋಡೋದನ್ನೂ ಬಿಡೋಕೆ ಮನಸ್ಸಿಲ್ಲ, ಎರಡನ್ನೂ ಒಟ್ಟಿಗೆ ಮಾಡಬಹುದಾ ಅಂತ ಕೇಳಿದ್ದೀರಿ. ನಾನು ಎಂಬಿಬಿಎಸ್, ಆಮೇಲೆ ಮೈಕ್ರೋಬಯಾಲಜಿಯಲ್ಲಿ ಎಂಡಿ, ಅದಾದ ಮೇಲೆ ಪಿಎಚ್‌ಡಿ ಮಾಡಿದವಳು. ನನ್ನನ್ನು ಕೇಳಿದರೆ ಮೊದಲು ಎಂಡಿ ಮುಗಿಸಿ.

ನೇರವಾಗಿ ಪಿಎಚ್‌ಡಿ ಮಾಡೋಕೆ ಆಗಲ್ಲ ಅಂತಲ್ಲ. ಪಿಎಚ್‌ಡಿ ಫೆಲೋಶಿಪ್‌ಗೆ ನಡೆಯೋ ಸಿಎಸ್‌ಐಆರ್ ನೆಟ್ ಪರೀಕ್ಷೆಗೆ ಎಂಬಿಬಿಎಸ್ ಆದವರೂ ಕೂರಬಹುದು. ತೊಂದರೆ ಇರೋದು ಆಮೇಲೆ. ಎಂಬಿಬಿಎಸ್ ಮತ್ತು ಪಿಎಚ್‌ಡಿ ಮಾತ್ರ ಇಟ್ಟುಕೊಂಡು ಮೆಡಿಕಲ್ ಕಾಲೇಜಿನ ಮೆಡಿಸಿನ್ ವಿಭಾಗದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗೋಕೆ ಬರಲ್ಲ, ಎಂಡಿ ಕೇಳ್ತಾರೆ. ಐದು ವರ್ಷ ಲ್ಯಾಬಿನಲ್ಲಿದ್ದು, ಮೂವತ್ತರ ಹತ್ತಿರ ಬಂದಮೇಲೆ ಮತ್ತೆ ಎಂಡಿ ಸೀಟಿನ ಪ್ರವೇಶ ಪರೀಕ್ಷೆ ನೀಟ್ ಪಿಜಿಗೆ ಓದೋದು ಯಾರಿಗೆ ಬೇಕು? ಫಾರ್ಮಕಾಲಜಿ ಅಷ್ಟು ಹೊತ್ತಿಗೆ ಮರೆತೇ ಹೋಗಿರುತ್ತೆ.

ಇನ್ನೊಂದು ಕಾರಣ ನನಗೆ ಲ್ಯಾಬಿನಲ್ಲೇ ಗೊತ್ತಾಯ್ತು. ನನ್ನ ಕೆಲಸ ಡೆಂಗಿ ರೋಗಿಗಳ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಪಿಸಿಆರ್‌ನಲ್ಲಿ, ಅಂದರೆ ವೈರಸ್ಸಿನ ಜೀನನ್ನು ಲಕ್ಷಾಂತರ ಪ್ರತಿ ಮಾಡಿ ಪತ್ತೆಹಚ್ಚೋ ಪರೀಕ್ಷೆಯಲ್ಲಿ, ಅಳೆಯೋದು. ಮೊದಲ ಮೂರು ತಿಂಗಳು ಅರ್ಧಕ್ಕರ್ಧ ಸ್ಯಾಂಪಲ್ ಏನೂ ತೋರಿಸಲಿಲ್ಲ. ಕಿಟ್ ಬದಲಾಯಿಸಿದೆ, ಪ್ರೈಮರ್ (ಆ ಪ್ರತಿ ಮಾಡೋದನ್ನು ಶುರುಮಾಡೋ ಸಣ್ಣ ಡಿಎನ್‌ಎ ತುಣುಕು) ಹೊಸದು ತರಿಸಿದೆ, ಪಿಪೆಟ್ ಹಿಡಿಯೋಕೇ ಬರಲ್ವೇನೋ ಅಂತ ನನ್ನ ಮೇಲೇ ಅನುಮಾನ ಬಂತು. ಜೊತೆಗಿದ್ದವರೆಲ್ಲ ಎಂಎಸ್ಸಿ ಮಾಡಿ ಬಂದವರು, ನನಗಿಂತ ಹತ್ತು ಪಟ್ಟು ಚೆನ್ನಾಗಿ ಕೆಲಸ ಗೊತ್ತಿದ್ದವರು, ಅವರಿಗೂ ತಲೆಬುಡ ತಿಳಿಯಲಿಲ್ಲ. ಕೊನೆಗೆ ಒಂದು ದಿನ ಬೆಳಗ್ಗೆ ಆರಕ್ಕೇ ಎದ್ದು ಸುಮ್ನೆ ವಾರ್ಡಿಗೆ ಹೋಗಿ ನಿಂತೆ. ಅಲ್ಲಿ ಹೌಸ್‌ಸರ್ಜನ್ ಹುಡುಗ ಹಸಿರು ಮುಚ್ಚಳದ ಟ್ಯೂಬಿಗೆ ರಕ್ತ ತುಂಬ್ತಾ ಇದ್ದ. ನೇರಳೆ ಖಾಲಿ ಆಗಿದೆ ಮೇಡಂ, ಇದಾದ್ರೂ ನಡೆಯುತ್ತಲ್ವಾ ಅಂದ. ನಡೆಯಲ್ಲ. ನೇರಳೆ ಟ್ಯೂಬಿನಲ್ಲಿರೋದು ಇಡಿಟಿಎ, ಹಸಿರಿನಲ್ಲಿ ಹೆಪಾರಿನ್, ಎರಡೂ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುತ್ತವೆ, ಆದರೆ ಈ ಹೆಪಾರಿನ್ ಪಿಸಿಆರ್ ನಡೆಯೋಕೆ ಬಿಡಲ್ಲ. ಲ್ಯಾಬಿಗೆ ಬರೋ ಹೊತ್ತಿಗೆ ಪ್ಲಾಸ್ಮಾವನ್ನು ಬೇರೆ ಸಣ್ಣ ವೈಯಲ್‌ಗೆ ಹಾಕಿರ್ತಿದ್ರು, ಹಾಗಾಗಿ ಮುಚ್ಚಳದ ಬಣ್ಣ ನಮ್ಮಲ್ಲಿ ಯಾರೂ ನೋಡಿರಲೇ ಇಲ್ಲ. ವಾರ್ಡಿನಲ್ಲಿ ಟ್ಯೂಬ್ ಖಾಲಿ ಆದಾಗ ಏನಾಗುತ್ತೆ ಅನ್ನೋದು ವಾರ್ಡಿನಲ್ಲಿ ದುಡಿದವರಿಗೇ ಹೊಳೆಯೋದು. ಆದರೂ ನನಗೆ ಮೂರು ತಿಂಗಳು ಬೇಕಾಯ್ತು, ಅದು ಬೇರೆ ಮಾತು.

ಅಮೆರಿಕದಲ್ಲಿ ಎರಡನ್ನೂ ಸೇರಿಸಿ ಕಲಿಸೋ ಕೋರ್ಸಿದೆ, ಎಂಡಿ-ಪಿಎಚ್‌ಡಿ ಅಂತಲೇ ಹೆಸರು (ಅಲ್ಲಿನ ಎಂಡಿ ಅಂದರೆ ನಮ್ಮ ಎಂಬಿಬಿಎಸ್ ಇದ್ದ ಹಾಗೆ). ಮೊದಲೆರಡು ವರ್ಷ ಮೆಡಿಕಲ್ ಪಾಠ, ನಡುವೆ ಪಿಎಚ್‌ಡಿ, ಆಮೇಲೆ ಮತ್ತೆ ಆಸ್ಪತ್ರೆ, ಒಟ್ಟು ಸುಮಾರು 8 ವರ್ಷ. 1964ರಿಂದ ಅಲ್ಲಿನ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಇದಕ್ಕೆ ದುಡ್ಡು ಕೊಡ್ತಿದೆ, ಫೀಸೂ ಇಲ್ಲ, ಮೇಲೆ ಸ್ಟೈಪೆಂಡ್ ಬೇರೆ. ಆದರೆ ಆ ದುಡ್ಡು ಅಲ್ಲಿನ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ನಮ್ಮ ಕಡೆ ಬೆಂಗಳೂರಿನ ಐಐಎಸ್‌ಸಿ 2022ರಲ್ಲಿ 800 ಹಾಸಿಗೆಯ ಆಸ್ಪತ್ರೆ, ಮೆಡಿಕಲ್ ಸ್ಕೂಲ್ ಕಟ್ಟೋದಾಗಿ ಹೇಳಿ, ಎಂಡಿ-ಪಿಎಚ್‌ಡಿ ಜೋಡಿ ಕೋರ್ಸಿನ ಯೋಜನೆ ಮುಂದಿಟ್ಟಿತು. ಅದರ ಮೇಲೆ ಕಣ್ಣಿಟ್ಟಿರಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಒಂದಾದ ಮೇಲೆ ಒಂದು ಮಾಡಿದರೆ ಕೆಡುಕೇನಿಲ್ಲ. ಗಗನ್‌ದೀಪ್ ಕಾಂಗ್ ಅವರು ವೆಲ್ಲೂರಿನ ಸಿಎಂಸಿಯಲ್ಲಿ ಎಂಬಿಬಿಎಸ್, ಮೈಕ್ರೋಬಯಾಲಜಿ ಎಂಡಿ, ಪಿಎಚ್‌ಡಿ ಹೀಗೇ ಸಾಲಾಗಿ ಮಾಡಿದ್ದು. ಮಕ್ಕಳ ವಾಂತಿಭೇದಿ ತರೋ ರೋಟಾವೈರಸ್ ಮೇಲೆ ವರ್ಷಗಟ್ಟಲೆ ದುಡಿದು, 2019ರಲ್ಲಿ ಲಂಡನ್ನಿನ ಹೆಸರಾಂತ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಗೆ ಆಯ್ಕೆಯಾದರು, ಭಾರತದ ಹೆಣ್ಣುಮಕ್ಕಳಲ್ಲಿ ಅವರೇ ಮೊದಲು.

ದುಡ್ಡಿನ ವಿಷಯ ಮುಚ್ಚಿಡಲ್ಲ. ಜೆಆರ್‌ಎಫ್, ಅಂದರೆ ಪಿಎಚ್‌ಡಿ ಮಾಡೋರಿಗೆ ಸಿಗೋ ಫೆಲೋಶಿಪ್, 2023ರಿಂದ ತಿಂಗಳಿಗೆ 37,000 ರೂಪಾಯಿ, ಅದರ ಮೇಲೆ ಮನೆಬಾಡಿಗೆ ಭತ್ಯೆ. ನಿಮ್ಮ ಬ್ಯಾಚಿನವರು ಅಷ್ಟು ಹೊತ್ತಿಗೆ ಕ್ಲಿನಿಕ್ ಹಾಕಿ ಕಾರು ತಗೊಂಡಿರ್ತಾರೆ. ನಮ್ಮ ಅತ್ತೆ ಪ್ರತಿ ಹಬ್ಬಕ್ಕೂ ಕೇಳ್ತಿದ್ದರು, ಡಾಕ್ಟರ್ ಆದವಳು ಮತ್ತೆ ಡಾಕ್ಟರ್ ಆಗೋಕೆ ಓದೋದೇನೇ ಅಂತ. ಎಂಡಿ ಆಗಿದ್ದರೆ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿ, ಅವರಿಂದ ಎನ್‌ಒಸಿ (ಅಭ್ಯಂತರವಿಲ್ಲ ಅನ್ನೋ ಪತ್ರ) ತಗೊಂಡು ಪಾರ್ಟ್‌ಟೈಮ್ ಪಿಎಚ್‌ಡಿ ಮಾಡಬಹುದು, ಯುಜಿಸಿ ಅದಕ್ಕೆ ಒಪ್ಪುತ್ತೆ. ಸಂಬಳ ಬರುತ್ತೆ, ನಿದ್ದೆ ಇರಲ್ಲ.

ಇಷ್ಟೆಲ್ಲಾ ಈಗಲೇ ತೀರ್ಮಾನ ಮಾಡಬೇಕಿಲ್ಲ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರ ಎಸ್‌ಟಿಎಸ್ ಅಂತ ಒಂದು ಯೋಜನೆ ಇದೆ, ಎಂಬಿಬಿಎಸ್ ಓದುವಾಗಲೇ ಎರಡು ತಿಂಗಳ ಸಣ್ಣ ರಿಸರ್ಚ್ ಮಾಡೋಕೆ, 1979ರಿಂದ ನಡೀತಿದೆ. ಈ ಸಲ ಅರ್ಜಿ ಕರೆದಾಗ ಹಾಕಿ. ಗೈಡ್ ನಿಮ್ಮ ಕಾಲೇಜಿನವರೇ ಆಗಬೇಕು, ಹಾಗಾಗಿ ಥೀಸಿಸ್ ಮಾಡ್ತಿರೋ ಪಿಜಿಗಳನ್ನು ಕ್ಯಾಂಟೀನಿನಲ್ಲಿ ಹಿಡಿದು, ಯಾವ ಮೇಷ್ಟ್ರು ನಿಜವಾಗ್ಲೂ ಲ್ಯಾಬಿಗೆ ಬರ್ತಾರೆ, ಯಾರು ಬರೀ ಸಹಿ ಹಾಕ್ತಾರೆ ಅಂತ ಮೊದಲೇ ಕೇಳಿಟ್ಟುಕೊಳ್ಳಿ.