ಮುತ್ತು ಕಟ್ಟಿಸುವ ಮುನ್ನ

ಪ್ರಶ್ನೆ: ನಮ್ಮದು ಸವದತ್ತಿ ಸೀಮೆಯ ಹಳ್ಳಿ. ನನ್ನ ತಂಗಿಯ ಮಗನಿಗೆ 16 ವರ್ಷ. ತಾನು ಹೆಣ್ಣೆಂದು ಹೇಳುತ್ತಾನೆ, ಸೀರೆ ಉಡಲು ಹಟ ಹಿಡಿಯುತ್ತಾನೆ. ತಂದೆ ಹೊಡೆಯುತ್ತಾರೆ. ಅಜ್ಜಿಯು ‘ಎಲ್ಲಮ್ಮ ಹಿಡಿದಾಳ, ಮುತ್ತು ಕಟ್ಟಿಸ್ರಿ’ ಎನ್ನುತ್ತಾರೆ. ಇದು ಹುಟ್ಟುಗುಣವೋ, ನಮ್ಮ ಸಂಸ್ಕೃತಿಯ ಪ್ರಭಾವವೋ?
– ಓರ್ವ ಓದುಗರು

ಉತ್ತರ: ತಾನು ಹೆಣ್ಣೆಂಬ ಒಳಗಿನ ಅರಿವನ್ನು ಯಾರೂ ಕಲಿಸಿರುವುದಿಲ್ಲ, ಹೊಡೆದು ಅದನ್ನು ಬಿಡಿಸಲೂ ಆಗುವುದಿಲ್ಲ. ಆದರೆ ಆ ಅರಿವಿಗೆ ಯಾವ ಹೆಸರು, ಯಾವ ಉಡುಗೆ, ಎಂಥ ಬದುಕು ಸಿಗಬೇಕೆಂಬುದನ್ನು ಸಮಾಜವೇ ಗೊತ್ತುಮಾಡುತ್ತದೆ. ನಿಮ್ಮ ಸೀಮೆಯಲ್ಲಿ ಅದಕ್ಕೆ ಸಿಕ್ಕಿರುವ ಹೆಸರು ಜೋಗಪ್ಪ. ಮುತ್ತು ಕಟ್ಟಿಸಿಕೊಂಡು, ಅಂದರೆ ಕೊರಳಿಗೆ ಮಣಿಸರ ಕಟ್ಟಿಸಿಕೊಂಡು ಎಲ್ಲಮ್ಮ ದೇವಿಗೆ ಮೀಸಲಾಗಿ, ಸೀರೆಯುಟ್ಟು, ಚೌಡಿಕೆ ನುಡಿಸುತ್ತ ಬರುವ ಜೋಗಪ್ಪನಿಗೆ ಜನ ಕೈಮುಗಿಯುತ್ತಾರೆ. ಇದೇ ಬಗೆಯ ಜನರನ್ನು 1871ರ ಬ್ರಿಟಿಷ್ ಕಾಯ್ದೆಯೊಂದು ಉತ್ತರ ಭಾರತದಲ್ಲಿ ಪೊಲೀಸ್ ಪಟ್ಟಿಗೆ ಸೇರಿಸಿ, ಅವರು ಹೆಣ್ಣುಡುಗೆಯಲ್ಲಿ ಬೀದಿಗೆ ಬರುವುದನ್ನೇ ಅಪರಾಧವಾಗಿಸಿತು. ಒಂದೇ ಸ್ವಭಾವಕ್ಕೆ ಒಂದೆಡೆ ದೈವತ್ವ, ಇನ್ನೊಂದೆಡೆ ಜೈಲು ಸಿಕ್ಕಿದ್ದು ಹುಟ್ಟಿನಿಂದಲ್ಲ.

ಹಾಗೆಂದು ಅಜ್ಜಿಯ ಮಾತಿಗೆ ನಾನು ಒಪ್ಪಲಾರೆ. ಅವರ ನಂಬಿಕೆಯಲ್ಲಿ ಮೊಮ್ಮಗುವಿನ ಬಗೆಗಿನ ಅಂತಃಕರಣವಿದೆ, ಹೊಡೆತಕ್ಕಿಂತ ಅದು ಎಷ್ಟೋ ಮೇಲು. ಆದರೆ ಮುತ್ತು ಕಟ್ಟಿಸಿಕೊಂಡವರು ದೇವಿಗೆ ಸೇರಿದವರಾದ್ದರಿಂದ ಅವರಿಗೆ ಸಂಗಾತಿಯ ಆಸೆ ಇರಬಾರದೆಂದು ಸಂಪ್ರದಾಯ ಬಯಸುತ್ತದೆ. ಅವರು ಯಾರನ್ನಾದರೂ ಪ್ರೀತಿಸಿದರೆ ಅದನ್ನು ಮುಚ್ಚಿಟ್ಟುಕೊಂಡೇ ಬದುಕಬೇಕಾಗುತ್ತದೆ. ಅಂದರೆ ಹೆಣ್ತನವನ್ನು ಒಪ್ಪಿದ ಅದೇ ಸಂಸ್ಕೃತಿ ಅವರ ಪ್ರೀತಿಯನ್ನು ಒಪ್ಪುವುದಿಲ್ಲ. ಮನೆ ಮನೆ ಜೋಗ ಬೇಡುವುದು ಬಿಟ್ಟರೆ ಅನೇಕರಿಗೆ ಬೇರೆ ದುಡಿಮೆಯೂ ಸಿಗುವುದಿಲ್ಲ. ಹೀಗೆಯೇ ಮುತ್ತು ಕಟ್ಟಿಸಿಕೊಂಡ ಮಂಜಮ್ಮ ಜೋಗತಿಯವರು ಜೋಗತಿ ನೃತ್ಯದಿಂದಲೇ ಬೆಳೆದು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅದು ಅವರ ಅಸಾಧಾರಣ ಛಲದ ಫಲ. ಎಲ್ಲ ಮಕ್ಕಳಿಂದಲೂ ಅಂಥ ಛಲವನ್ನು ನಿರೀಕ್ಷಿಸುವುದು ಅನ್ಯಾಯ.

ಇಂದು ದಾರಿ ಅದೊಂದೇ ಆಗಿ ಉಳಿದಿಲ್ಲ. ತನ್ನ ಲಿಂಗ ಯಾವುದೆಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪಿತ್ತಿತು; 2021ರಲ್ಲಿ ನಮ್ಮ ರಾಜ್ಯವು ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ನೀಡಿತು. ಆದ್ದರಿಂದ ಮೊದಲು ಹೊಡೆತ ನಿಲ್ಲಬೇಕು, ಓದು ಮುಂದುವರಿಯಬೇಕು. ಮುತ್ತಿನ ಮಾತನ್ನು ಈಗ ಎತ್ತಲೇಬೇಡಿ. ಪ್ರಾಯಕ್ಕೆ ಬಂದ ಮೇಲೆ ಆ ಮಗುವೇ ಬೇಕೆಂದರೆ ಆಗ ಯೋಚಿಸಿದರಾಯಿತು. ತಂದೆಯವರೊಂದಿಗೆ ಮಾತನಾಡಬೇಕಾದವರು ಸೋದರಮಾವನಾದ ನೀವೇ.