ಯುರೋಪಿನ ಅನುದಾನಕ್ಕೆ ಸಹಿ ಹಾಕುವ ಮುನ್ನ

ಐರೋಪ್ಯ ಒಕ್ಕೂಟದ ಎರಾಸ್ಮಸ್ ಪ್ಲಸ್ ಕಾರ್ಯಕ್ರಮದಲ್ಲಿ ‘ಉನ್ನತ ಶಿಕ್ಷಣ ಸಾಮರ್ಥ್ಯ ವರ್ಧನೆ’ ಎಂಬ ವಿಭಾಗವಿದೆ. ಯುರೋಪಿನ ವಿಶ್ವವಿದ್ಯಾಲಯಗಳು ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕ ಮುಂತಾದ ಪ್ರದೇಶಗಳ ವಿಶ್ವವಿದ್ಯಾಲಯಗಳ ಜೊತೆ ಸೇರಿ ಪಠ್ಯಕ್ರಮ, ಪ್ರಯೋಗಾಲಯ, ಆಡಳಿತ ಸುಧಾರಣೆಗಳನ್ನು ಕೈಗೊಳ್ಳಲು ಇಲ್ಲಿ ಹಣ ಸಿಗುತ್ತದೆ. ಈ ಬಾರಿಯ ಪ್ರಶ್ನೆಗಳೆಲ್ಲ ಇದರ ಸುತ್ತಲಿನವು.

ಪೋರ್ಚುಗಲ್‌ನ ಪ್ರಾಧ್ಯಾಪಕರೊಬ್ಬರು ಈ ಯೋಜನೆಗೆ ಪಾಲುದಾರರಾಗಿ ಬನ್ನಿ ಎಂದು ಮೇಲ್ ಮಾಡಿದ್ದಾರೆ. ಹತ್ತು ದಿನದೊಳಗೆ ಪಿಐಸಿ ನಂಬರ್ ಕೊಡಬೇಕಂತೆ. ನಮ್ಮದು ರಾಜ್ಯ ವಿಶ್ವವಿದ್ಯಾಲಯ. ಒಪ್ಪಿಕೊಳ್ಳಬಹುದೇ?

ಪಿಐಸಿ ದೊಡ್ಡ ವಿಷಯವಲ್ಲ. ಅದು ಒಂಬತ್ತು ಅಂಕಿಯ ನೋಂದಣಿ ಸಂಖ್ಯೆ. ಐರೋಪ್ಯ ಆಯೋಗದ ಪೋರ್ಟಲ್‌ನಲ್ಲಿ ಸಂಸ್ಥೆಯ ಹೆಸರು, ವಿಳಾಸ, ಕಾನೂನು ಸ್ಥಾನಮಾನ ತುಂಬಿದರೆ ಕೂತಲ್ಲೇ ಸಿಗುತ್ತದೆ. ಆದರೆ ಹೊಸದು ಮಾಡಿಸುವ ಮೊದಲು ಅದೇ ಪೋರ್ಟಲ್‌ನಲ್ಲಿ ನಿಮ್ಮ ವಿ.ವಿ.ಯ ಹೆಸರು ಹುಡುಕಿ ನೋಡಿ. ಬೇರೆ ವಿಭಾಗದವರು ಯಾವತ್ತೋ ಮಾಡಿಸಿರಬಹುದು. ಒಂದು ವಿ.ವಿ.ಗೆ ಎರಡು ಪಿಐಸಿ ಆದರೆ ಮುಂದೆ ದಾಖಲೆ ಪರಿಶೀಲನೆ ವೇಳೆ ಎಳೆದಾಟ ತಪ್ಪದು.

ನಿಜವಾಗಿ ಯೋಚಿಸಬೇಕಾದ್ದು ಬೇರೆ. ಹಲವು ದೇಶಗಳನ್ನು ಒಳಗೊಂಡ ಯೋಜನೆಗೆ ಯುರೋಪಿನ ಕಡೆಯಿಂದ ಕನಿಷ್ಠ ಎರಡು ದೇಶ, ತಲಾ ಒಂದು ವಿ.ವಿ. ಬೇಕು, ನಮ್ಮ ಕಡೆಯಿಂದ, ಅಂದರೆ ಯುರೋಪಿನ ಹೊರಗಿನಿಂದ, ಕನಿಷ್ಠ ಎರಡು ದೇಶ, ತಲಾ ಎರಡು ವಿ.ವಿ. ಬೇಕು. ನಮ್ಮ ಕಡೆಯ ಸಂಖ್ಯೆ ಯುರೋಪಿನವರಿಗಿಂತ ಕಡಿಮೆ ಇರುವಂತಿಲ್ಲ. ಹಾಗಾಗಿ ಕೊನೆಯ ವಾರಗಳಲ್ಲಿ ಬರುವ ಎಷ್ಟೋ ಆಹ್ವಾನಗಳು ಭಾರತದಿಂದ ಎರಡನೆಯ ಹೆಸರೊಂದನ್ನು ಭರ್ತಿ ಮಾಡಲೆಂದೇ ಬಂದಿರುತ್ತವೆ. ಅಂಥ ಯೋಜನೆಯಲ್ಲಿ ನಿಮ್ಮ ವಿ.ವಿ.ಯ ಅಗತ್ಯವನ್ನು ಬರೆದವರು ನಿಮ್ಮ ವಿ.ವಿ.ಯನ್ನು ಕಂಡೇ ಇರುವುದಿಲ್ಲ. ಮೂರು ವರ್ಷ ದುಡಿಯಬೇಕಾದವರು ಮಾತ್ರ ನೀವು.

ಒಪ್ಪುವ ಮೊದಲು ಮರುಮೇಲ್‌ನಲ್ಲಿ ಮೂರು ವಿಷಯ ಕೇಳಿ: ಅರ್ಜಿಯ ಕರಡು, ನಿಮ್ಮ ಸಂಸ್ಥೆಗೆ ಹಂಚಿದ ಕೆಲಸಗಳ ಪಟ್ಟಿ, ನಿಮ್ಮ ಪಾಲಿನ ಬಜೆಟ್ ಹಾಳೆ. ಮೂರೂ ಬಂದರೆ ಮುಂದುವರಿಯಿರಿ. ಜೊತೆಗೆ ನಿಮ್ಮ ಜಿಲ್ಲೆಯ, ನಿಮ್ಮ ವಿದ್ಯಾರ್ಥಿಗಳ ಸ್ಥಿತಿ ಹೇಳುವ ಎರಡು ಪುಟಗಳನ್ನು ನೀವೇ ಬರೆದು ಕರಡಿಗೆ ಸೇರಿಸಿ. ಬಜೆಟ್ ಹಾಳೆ ತೋರಿಸಲು ಹಿಂದೇಟು ಹಾಕಿದರೆ ಬಿಟ್ಟುಬಿಡಿ, ಮುಂದಿನ ವರ್ಷ ಮತ್ತೆ ಅವಕಾಶವಿದೆ. ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ಫೆಬ್ರುವರಿಯಲ್ಲಿ ಬರುತ್ತದೆ. ಆದ್ದರಿಂದ ಪಾಲುದಾರರ ಮಾತುಕತೆ ಜುಲೈ-ಆಗಸ್ಟ್‌ನಲ್ಲೇ ಶುರುವಾಗಿರಬೇಕು.

ಆರು ಸಂಸ್ಥೆಗಳು ಸೇರಿ 3,60,000 ಯೂರೋ ಕೇಳುತ್ತಿದ್ದೇವೆ. ನೀರಿನ ಗುಣಮಟ್ಟ ಪರೀಕ್ಷಿಸುವ ಲ್ಯಾಬ್ ಮಾಡುವ ಆಸೆ. ಇದರಲ್ಲಿ ಉಪಕರಣಕ್ಕೆ ಎಷ್ಟು ಸಿಗಬಹುದು?

ನಿಮ್ಮದು ಮೊದಲ ಹಂತದ ವರ್ಗಕ್ಕೆ ಸೇರುತ್ತದೆ. ಅನುಭವ ಕಡಿಮೆ ಇರುವ ಸಂಸ್ಥೆಗಳಿಗಾಗಿ ಇರುವ ಈ ವರ್ಗದಲ್ಲಿ 2 ಲಕ್ಷದಿಂದ 4 ಲಕ್ಷ ಯೂರೋವರೆಗೆ ಕೇಳಬಹುದು, ಅವಧಿ 24 ಅಥವಾ 36 ತಿಂಗಳು. ಇದರ ಮೇಲಿನ ವರ್ಗ 4ರಿಂದ 8 ಲಕ್ಷದ್ದು. ಸರ್ಕಾರದ ಇಲಾಖೆಗಳನ್ನೂ ಸೇರಿಸಿಕೊಂಡು ಇಡೀ ವ್ಯವಸ್ಥೆಯನ್ನು ತಿದ್ದುವ ವರ್ಗ 6ರಿಂದ 10 ಲಕ್ಷದ್ದು.

ಲೆಕ್ಕ ಹೀಗೆ. ಅನುದಾನ ಒಟ್ಟು ವೆಚ್ಚದ 90%ಗಿಂತ ಹೆಚ್ಚು ಇರುವಂತಿಲ್ಲ. ಅಂದರೆ ನಿಮ್ಮ ಯೋಜನೆಯ ಒಟ್ಟು ವೆಚ್ಚ 4,00,000 ಯೂರೋ, ಉಳಿದ 40,000 ಪಾಲುದಾರರೇ ಭರಿಸಬೇಕು. ಬಹುಪಾಲು ಇದು ಅಧ್ಯಾಪಕರು ಯೋಜನೆಗೆ ಕೊಡುವ ಸಮಯದಲ್ಲೇ ಸರಿಹೋಗುತ್ತದೆ. ಆದರೂ ಹಣಕಾಸು ಅಧಿಕಾರಿಗೆ ಅರ್ಜಿಗೆ ಮೊದಲೇ ಟಿಪ್ಪಣಿ ಹೋಗಿರಲಿ. ಉಪಕರಣಕ್ಕೆ ಅನುದಾನದ 35% ಮಿತಿ, ಅಂದರೆ 1,26,000 ಯೂರೋ. ಹೊರಗುತ್ತಿಗೆಗೆ 10%, ಅಂದರೆ 36,000. ಉಪಕರಣ ಕೊಳ್ಳಬಹುದಾದ್ದು ಯುರೋಪಿನ ಹೊರಗಿನ ಪಾಲುದಾರ ವಿ.ವಿ.ಗಳಿಗೆ ಮಾತ್ರ. ನಾಲ್ಕು ವಿ.ವಿ. ಸಮನಾಗಿ ಹಂಚಿಕೊಂಡರೆ ನಿಮಗೆ ಗರಿಷ್ಠ 31,500.

ಲ್ಯಾಬ್‌ಗಳು ಕೆಡುವುದು ಈ ಮೊತ್ತ ಸಾಲದೆ ಅಲ್ಲ, ಕೊಟೇಶನ್ ಪೂರ್ತಿಯಾಗಿ ತೆಗೆದುಕೊಳ್ಳದೆ. ಬೆಳಕು ಹಾಯಿಸಿ ನೀರಿನಲ್ಲಿ ಕರಗಿದ್ದನ್ನು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ಗೆ ಕೊಟೇಶನ್ ತರಿಸುವಾಗ ಯಂತ್ರದ ಬೆಲೆಯ ಕೆಳಗೆ ಜಿಎಸ್‌ಟಿ, ಯುಪಿಎಸ್, ಕ್ಯುವೆಟ್‌ಗಳು (ಮಾದರಿ ತುಂಬುವ ಪುಟ್ಟ ಪಾತ್ರೆಗಳು), ರಾಸಾಯನಿಕಗಳು, ಅಳವಡಿಕೆ, ತರಬೇತಿ, ಕ್ಯಾಲಿಬ್ರೇಶನ್, ವಾರಂಟಿ ಮುಗಿದ ಮೇಲಿನ ವಾರ್ಷಿಕ ನಿರ್ವಹಣೆ, ಹೀಗೆ ಒಂದೊಂದಕ್ಕೂ ಪ್ರತ್ಯೇಕ ಸಾಲು ಬರೆಸಿ. ಯೋಜನೆ ಮುಗಿದ ಮೇಲಿನ ನಿರ್ವಹಣೆಗೆ ಅನುದಾನದಿಂದ ಕಾಸು ಬರುವುದಿಲ್ಲ; ಅದಕ್ಕೆ ವಿಭಾಗದ ಬಜೆಟ್‌ನಲ್ಲಿ ಲೆಕ್ಕಶೀರ್ಷಿಕೆ ಬೇಕು. ಬಾಗಿಲ ಮೇಲೆ ಫಲಕ ಮಿನುಗುತ್ತಿದ್ದು, ಒಳಗೆ ದೀಪ ಹೋದ ಯಂತ್ರ ಬಟ್ಟೆ ಹೊದ್ದು ಕೂತಿರುವುದನ್ನು ನೋಡುವುದು ಸಂಕಟದ ಸಂಗತಿ. ಒಂದು ಬಿಡಿ ದೀಪವನ್ನೂ ಮೊದಲ ಖರೀದಿ ಆದೇಶದಲ್ಲೇ ಸೇರಿಸಿ.

ದಿನಾಂಕಗಳನ್ನು ಹಿಂದಿನಿಂದ ಎಣಿಸಿ. 15ನೇ ತಿಂಗಳಲ್ಲಿ ಅಧ್ಯಾಪಕರ ತರಬೇತಿ ಇದ್ದರೆ 13ನೇ ತಿಂಗಳಿಗೆ ಯಂತ್ರ ಅಳವಡಿಕೆಯಾಗಿರಬೇಕು, 8ನೇ ತಿಂಗಳಿಗೆ ಖರೀದಿ ಆದೇಶ ಹೊರಡಬೇಕು, 4ನೇ ತಿಂಗಳಿಗೆ ತಾಂತ್ರಿಕ ವಿವರಣೆ ಅಂತಿಮವಾಗಬೇಕು. ರಾಜ್ಯ ವಿ.ವಿ.ಗೆ ಪಾರದರ್ಶಕ ಖರೀದಿ ಕಾಯ್ದೆಯ ಟೆಂಡರ್ ಕ್ರಮ ತಪ್ಪುವುದಿಲ್ಲ; ಒಂದೇ ಬಿಡ್ ಬಂದು ಮರುಟೆಂಡರ್ ಆದರೆ ಈ ಪಟ್ಟಿ ಕುಸಿಯುತ್ತದೆ. ವಿವರಣೆಯಲ್ಲಿ ಒಂದೇ ಕಂಪನಿಗೆ ಹೊಂದುವ ಅಳತೆಗಳನ್ನು ಬರೆಯುವುದೇ ಮರುಟೆಂಡರಿಗೆ ದೊಡ್ಡ ಕಾರಣ.

ಇನ್ನೊಂದು ಮುಖ್ಯ ಮಾತು: ಇಲ್ಲಿ ಹಣ ಬಿಲ್ಲುಗಳ ಲೆಕ್ಕದಲ್ಲಿ ಬರುವುದಿಲ್ಲ, ಇಡಿಗಂಟಾಗಿ ಬರುತ್ತದೆ. ಯೋಜನೆಯನ್ನು ವರ್ಕ್ ಪ್ಯಾಕೇಜ್‌ಗಳಾಗಿ, ಅಂದರೆ ಕೆಲಸದ ಕಂತೆಗಳಾಗಿ, ಒಡೆದು ಪ್ರತಿಯೊಂದಕ್ಕೂ ಮೊತ್ತ ನಿಗದಿ ಮಾಡಿರುತ್ತಾರೆ. ಪ್ಯಾಕೇಜ್ ಅಪೂರ್ಣವಾದರೆ ಅದರ ಮೊತ್ತ ಪೂರ್ತಿಯಾಗಿ ಅಥವಾ ಭಾಗಶಃ ಕಡಿತವಾಗಬಹುದು. ಹಾಗಾಗಿ ಉಪಕರಣ, ತರಬೇತಿ, ಪಠ್ಯಕ್ರಮ ಮೂರನ್ನೂ ಒಂದೇ ಪ್ಯಾಕೇಜ್‌ನಲ್ಲಿ ಕಟ್ಟಬೇಡಿ. ಒಂದು ತಡವಾದರೆ ಮೂರಕ್ಕೂ ಪೆಟ್ಟು. ಬ್ರಸೆಲ್ಸ್‌ನ ಐರೋಪ್ಯ ಒಕ್ಕೂಟದವರು ಬಿಲ್ಲು ಕೇಳುವುದಿಲ್ಲವೆಂದು ಇಲ್ಲಿನ ಕಡತ ಸಡಿಲಬಿಡಲೂ ಬೇಡಿ, ನಮ್ಮ ಆಡಿಟ್‌ನವರು ಕೇಳಿಯೇ ಕೇಳುತ್ತಾರೆ.

ನಮ್ಮದು ಟ್ರಸ್ಟ್ ನಡೆಸುವ ಸ್ವಾಯತ್ತ ಕಾಲೇಜು. ಯೋಜನೆ ಮಂಜೂರಾಗಿದೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆಯಡಿಯ) ನೋಂದಣಿ ಇಲ್ಲ. ಇನ್ನೊಂದು ಭಾರತೀಯ ಪಾಲುದಾರ ವಿ.ವಿ.ಯ ಖಾತೆಗೆ ಹಣ ತರಿಸಿಕೊಂಡು ಅಲ್ಲಿಂದ ಪಡೆಯಬಹುದೇ?

ಆ ದಾರಿ ಬೇಡವೇ ಬೇಡ. 2010ರ ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆಗೆ 2020ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿಯಾಯಿತು. ಅಂದಿನಿಂದ ವಿದೇಶಿ ದೇಣಿಗೆ ಪಡೆದವರು ಅದನ್ನು ಬೇರೊಬ್ಬರಿಗೆ ವರ್ಗಾಯಿಸುವುದು ನಿಷಿದ್ಧ. ಪಡೆಯುವವರಿಗೂ ನೋಂದಣಿ ಇದ್ದರೆ ಸಾಕು ಎಂಬ ಹಳೆಯ ಸಡಿಲಿಕೆಯೂ ಹೋಗಿದೆ. ಯುರೋಪಿನ ಸಂಯೋಜಕ ವಿ.ವಿ.ಯೇ ಪ್ರತಿ ಭಾರತೀಯ ಪಾಲುದಾರರಿಗೂ ನೇರವಾಗಿ ಕಳಿಸಬೇಕು. ಇದನ್ನು ಪಾಲುದಾರಿಕೆ ಒಪ್ಪಂದದಲ್ಲೇ ಬರೆಸಿ.

ನಿಮಗಿರುವ ದಾರಿ ಎರಡು. ಒಂದು, ಐದು ವರ್ಷದ ನೋಂದಣಿ. ಅದಕ್ಕೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ತನ್ನ ಉದ್ದೇಶಗಳಿಗೆ ಕನಿಷ್ಠ 15 ಲಕ್ಷ ರೂ. ಖರ್ಚು ಮಾಡಿರಬೇಕು. ಇನ್ನೊಂದು, ಈ ಒಂದು ಯೋಜನೆಗಷ್ಟೇ ಗೃಹ ಸಚಿವಾಲಯದ ಪೂರ್ವಾನುಮತಿ. ಅದಕ್ಕೆ ದಾನಿಯ ಬದ್ಧತಾ ಪತ್ರ ಮತ್ತು ಯೋಜನೆಯ ವಿವರ ಬೇಕು. ಮಂಜೂರಾತಿ ಕೈಯಲ್ಲಿರುವ ನಿಮಗೆ ಇದೇ ಸೂಕ್ತ. ಯಾವುದೇ ದಾರಿಯಾದರೂ ಹಣ ಮೊದಲು ಬಂದು ಬೀಳಬೇಕಾದ್ದು ನವದೆಹಲಿಯ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಮುಖ್ಯ ಶಾಖೆಯ ಎಫ್‌ಸಿಆರ್‌ಎ ಖಾತೆಗೆ. ಅಲ್ಲಿಂದ ನಿಮ್ಮೂರಿನ ಬಳಕೆ ಖಾತೆಗೆ ತರಬಹುದು. ಆ ಖಾತೆಗಳಿಗೆ ಕಾಲೇಜಿನ ಶುಲ್ಕವಾಗಲಿ, ಸ್ಥಳೀಯ ದೇಣಿಗೆಯಾಗಲಿ ಒಂದು ರೂಪಾಯಿಯೂ ಸೇರಬಾರದು. ಆಡಳಿತ ವೆಚ್ಚಕ್ಕೆ 20% ಮಿತಿ. ಆರ್ಥಿಕ ವರ್ಷ ಮುಗಿದ ಒಂಬತ್ತು ತಿಂಗಳೊಳಗೆ, ಅಂದರೆ ಡಿಸೆಂಬರ್ 31ರೊಳಗೆ, ಎಫ್‌ಸಿ-4 ಎಂಬ ವಾರ್ಷಿಕ ವರದಿ ಸಲ್ಲಿಸಬೇಕು.

ಶಾಸನದ ಮೂಲಕ ಸ್ಥಾಪನೆಯಾಗಿ ಸಿಎಜಿ ಲೆಕ್ಕಪರಿಶೋಧನೆ ಕಡ್ಡಾಯವಾಗಿರುವ ವಿ.ವಿ.ಗಳಿಗೆ ಕೇಂದ್ರದ ಆದೇಶದಡಿ ಈ ಕಾಯ್ದೆಯಿಂದ ವಿನಾಯಿತಿ ಇದೆ. ಅದೇ ಆವರಣದ ಟ್ರಸ್ಟ್‌ಗೋ ಹಳೆಯ ವಿದ್ಯಾರ್ಥಿ ಸಂಘಕ್ಕೋ ಆ ವಿನಾಯಿತಿ ಅನ್ವಯವಾಗದು. ಅನುಮತಿ ಕೈಸೇರುವವರೆಗೆ ಮುಂಗಡ ಕಳಿಸಬೇಡಿ ಎಂದು ಸಂಯೋಜಕರಿಗೆ ಇಂದೇ ಬರೆಯಿರಿ.

ಹೊಸ ಕೋರ್ಸ್‌ಗೆ ಯುರೋಪಿನವರು 6 ಇಸಿಟಿಎಸ್ ಎನ್ನುತ್ತಾರೆ, ನಮ್ಮಲ್ಲಿ 4 ಕ್ರೆಡಿಟ್. ಎರಡೂ ಒಂದೇ ತಾನೆ?

ಎಣಿಸುವ ರೀತಿಯ ಮೇಲೆ ನಿಂತಿದೆ. ಇಸಿಟಿಎಸ್ ಎಂದರೆ ಯುರೋಪಿನ ಕ್ರೆಡಿಟ್ ಪದ್ಧತಿ. ಅವರ ಒಂದು ವರ್ಷ 60 ಇಸಿಟಿಎಸ್, ನಮ್ಮ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಒಂದು ವರ್ಷ 40 ಕ್ರೆಡಿಟ್. ವರ್ಷದ ಪಾಲು ನೋಡಿದರೆ 4ಕ್ಕೆ 6 ಸರಿ. ಗಂಟೆ ಲೆಕ್ಕ ಹಾಕಿದರೆ ಬೇರೆ: ನಮ್ಮ ಒಂದು ಕ್ರೆಡಿಟ್‌ಗೆ 30 ಗಂಟೆ ಕಲಿಕೆ, ನಾಲ್ಕಕ್ಕೆ 120. ಅವರ ಒಂದು ಇಸಿಟಿಎಸ್‌ಗೆ 25ರಿಂದ 30 ಗಂಟೆ, ಆರಕ್ಕೆ ಕನಿಷ್ಠ 150. ಈ 30 ಗಂಟೆಯ ಅಂತರವನ್ನು ಯಾರೂ ಬಾಯಿಬಿಟ್ಟು ಹೇಳದೆ ಪಠ್ಯಕ್ರಮ ಬರೆದುಬಿಡುತ್ತಾರೆ. ಆಮೇಲೆ ಅವರ ಐದು ಘಟಕಗಳನ್ನು ನಮ್ಮ ಸೆಮಿಸ್ಟರ್‌ಗೆ ತುರುಕಲು ಹೋಗಿ ಪ್ರಾಯೋಗಿಕ ತರಗತಿಗೆ ಕತ್ತರಿ ಬೀಳುತ್ತದೆ. ಯಾವ ಲೆಕ್ಕ ಹಿಡಿಯುತ್ತೀರೆಂದು ಮೊದಲ ಸಭೆಯ ನಡಾವಳಿಯಲ್ಲೇ ದಾಖಲಿಸಿ.

ಅನುಮೋದನೆಯ ಸರಣಿಯನ್ನೂ ಯುರೋಪಿನವರಿಗೆ ಬಿಡಿಸಿ ಹೇಳಿ. ಅಧ್ಯಯನ ಮಂಡಳಿ ಆದ ಮೇಲೆ ವಿದ್ಯಾವಿಷಯಕ ಪರಿಷತ್ತು ಇದೆ. ಮಂಡಳಿಯ ಸಭೆ ತಪ್ಪಿದರೆ ಒಂದು ಸೆಮಿಸ್ಟರ್ ಅಲ್ಲ, ಇಡೀ ಶೈಕ್ಷಣಿಕ ವರ್ಷವೇ ಹೋಗಬಹುದು. ಸಂಯೋಜಿತ ಕಾಲೇಜಿಗೆ ತನ್ನ ಪಠ್ಯಕ್ರಮ ತಿದ್ದುವ ಅಧಿಕಾರವಿಲ್ಲ. ಅಂಥ ಕಾಲೇಜು ಸೇರುವುದಾದರೆ ಅದರ ಮಾತೃ ವಿ.ವಿ.ಯೂ ಯೋಜನೆಯಲ್ಲಿರಲಿ, ಇಲ್ಲವೇ ಸರ್ಟಿಫಿಕೇಟ್ ಕೋರ್ಸ್‌ಗೆ ಸೀಮಿತವಾಗಲಿ. ಜಂಟಿ ಪದವಿಯ ಆಸೆ ಇದ್ದರೆ ಯುಜಿಸಿಯ 2022ರ ನಿಯಮ ನೋಡಿ: ಎರಡೂ ಕಡೆ ತಲಾ ಕನಿಷ್ಠ 30% ಕ್ರೆಡಿಟ್ ಗಳಿಸಬೇಕು. ನ್ಯಾಕ್ ಮಾನ್ಯತೆಯಲ್ಲಿ 3.01 ಅಂಕವಾದರೂ ಇರುವ ಸಂಸ್ಥೆ, ಟೈಮ್ಸ್ ಅಥವಾ ಕ್ಯೂಎಸ್ ಜಾಗತಿಕ ಶ್ರೇಯಾಂಕ ಪಟ್ಟಿಯ ಮೊದಲ ಸಾವಿರದೊಳಗಿನ ವಿ.ವಿ. ಜೊತೆ ಯುಜಿಸಿಯ ಪ್ರತ್ಯೇಕ ಅನುಮತಿಯಿಲ್ಲದೆ ಕೈಜೋಡಿಸಬಹುದು.

ನಮ್ಮ ಅರ್ಜಿಗೆ 57 ಅಂಕ ಬಂದು ತಿರಸ್ಕೃತವಾಯಿತು. ಮತ್ತೆ ಹಾಕಬಹುದೇ?

ಖಂಡಿತ ಹಾಕಿ. ಒಟ್ಟು 100ಕ್ಕೆ 60 ಬೇಕು. ಪ್ರಸ್ತುತತೆಗೆ 30 ಅಂಕ, ಅದರಲ್ಲಿ ಕನಿಷ್ಠ 15 ಬರಲೇಬೇಕು. ಯೋಜನೆಯ ವಿನ್ಯಾಸಕ್ಕೆ 30, ಪಾಲುದಾರಿಕೆಗೆ 20, ಪರಿಣಾಮಕ್ಕೆ 20. ಆದರೆ 60 ದಾಟಿದ ಮಾತ್ರಕ್ಕೆ ಹಣ ಬರುವುದಿಲ್ಲ, ಪ್ರದೇಶವಾರು ಹಣ ಮುಗಿಯುವವರೆಗೆ ಮೇಲಿನವರಿಗಷ್ಟೇ ಸಿಗುತ್ತದೆ. ಹಾಗಾಗಿ ಮೂರು ಅಂಕ ಸೇರಿಸುವ ಯೋಚನೆ ಬಿಟ್ಟು 80ರ ಗುರಿ ಇಡಿ. ಸಂಯೋಜಕರ ಬಳಿ ಮೌಲ್ಯಮಾಪಕರ ಷರಾ ಇರುತ್ತದೆ, ಕೇಳಿ ಪಡೆಯಿರಿ. ಪ್ರಸ್ತುತತೆಯಲ್ಲಿ ಅಂಕ ಹೋಗಿದ್ದರೆ ಅಗತ್ಯದ ಭಾಗವನ್ನು ಈ ಸಲ ಯುರೋಪಿನವರ ಕೈಗೆ ಬಿಡದೆ, ನಿಮ್ಮ ವಿಭಾಗದ ದಾಖಲಾತಿ, ಫಲಿತಾಂಶ, ಉದ್ಯೋಗದ ಅಂಕಿಗಳನ್ನು ಮುಂದಿಟ್ಟುಕೊಂಡು ನೀವೇ ಬರೆಯಿರಿ. ಪಾಲುದಾರಿಕೆಯಲ್ಲಿ ಹೋಗಿದ್ದರೆ ಬಜೆಟ್ ಹಾಳೆ ತೆರೆದು, ಯಾವ ಸಂಸ್ಥೆಗೆ ಎಷ್ಟು ಕೆಲಸದ ದಿನಗಳಿವೆ ಎಂದು ಎಣಿಸಿ. ನಮ್ಮ ಕಡೆಯ ವಿ.ವಿ.ಗಳ ಮುಂದೆ ಬರೀ ‘ಸಭೆಗೆ ಹಾಜರಿ’ ಎಂದಿದ್ದರೆ ಮೌಲ್ಯಮಾಪಕರಿಗೂ ಅದೇ ಕಂಡಿರುತ್ತದೆ.