ಸ್ಟೇಷನರಿ ಸ್ಪೆಲಿಂಗ್‌ನಲ್ಲಿ 'ಎ' ಬರುತ್ತಾ, 'ಇ' ಬರುತ್ತಾ?

ಇಂಗ್ಲಿಷಿನ ಸ್ಟೇಷನರಿ ಪದ ಒಂದು ಕಡೆ ಎ-ಆರ್-ವೈ ಅಂತ, ಇನ್ನೊಂದು ಕಡೆ ಇ-ಆರ್-ವೈ ಅಂತ ಮುಗಿಯುತ್ತದೆ, ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿ, ಅರ್ಥ ಮಾತ್ರ ಬೇರೆ. ನಾನು ಇದನ್ನು ದುಡ್ಡು ಕೊಟ್ಟು ಕಲಿತವನು.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಅಂಗಡಿ. ನೋಟ್‌ಬುಕ್, ಪೆನ್ನು, ಡ್ರಾಯಿಂಗ್ ಶೀಟು, ಜೊತೆಗೆ ಜೆರಾಕ್ಸ್. ಬೋರ್ಡ್ ಬರೆಸುವಾಗ ನಾನೇ ಚೀಟಿಯಲ್ಲಿ ಎ-ಆರ್-ವೈ ಅಂತ ಬರೆದುಕೊಟ್ಟಿದ್ದೆ. ಮೂರನೇ ದಿನ ಕೆಂಪು ಪೆನ್ನಿಗೆ ಬಂದ ಮಾಸ್ತರೊಬ್ಬರು ತಲೆ ಎತ್ತಿ ನೋಡಿ, "ಏನ್ರೀ ಸಾವ್ಕಾರ್ರ, ಅಂಗಡಿ ನಡಿಯಂಗಿಲ್ಲ ಅಂತ ನೀವೇ ಬೋರ್ಡ್ ಹಾಕೀರಲ್ರಿ!" ಅಂದರು. ನನಗೆ ತಲೆಬುಡ ತಿಳಿಯಲಿಲ್ಲ.

ಆಮೇಲೆ ಅವರೇ ಬಿಡಿಸಿ ಹೇಳಿದರು. 'ಎ' ಇದ್ದರೆ ಅಲುಗಾಡದೆ ನಿಂತಲ್ಲೇ ನಿಂತದ್ದು ಅಂತ. ವಾಡಿ ಜಂಕ್ಷನ್ನಿನಲ್ಲಿ ಸಿಗ್ನಲ್ಲಿಗೆ ಕಾಯುತ್ತಾ ನಿಂತ ರೈಲಿಗೆ ಹೇಳುವ ಮಾತು. 'ಇ' ಇದ್ದರೆ ಕಾಗದ, ಪೆನ್ನು, ಲಕೋಟೆಯಂಥ ಸಾಮಾನು.

ಮಜಾ ಏನಂದ್ರೆ, ಎರಡರ ಬೇರೂ ಒಂದೇ. ಲ್ಯಾಟಿನ್ನಿನಲ್ಲಿ 'ಸ್ಟಾಟಿಯೊ' ಅಂದರೆ ನಿಲ್ಲುವುದು, ನಿಲ್ಲುವ ಜಾಗ. ಹಿಂದೆ ಯುರೋಪಿನಲ್ಲಿ ಬಹಳ ಜನ ಸಾಮಾನು ಹೊತ್ತು ಊರೂರು ತಿರುಗಿ ಮಾರುತ್ತಿದ್ದರು. ವಿಶ್ವವಿದ್ಯಾಲಯಗಳ ಹತ್ತಿರ ಒಂದೇ ಜಾಗದಲ್ಲಿ ಅಂಗಡಿ ಹೂಡಿ ಪುಸ್ತಕ ಮಾರುವವನಿಗೆ 'ಸ್ಟೇಷನರ್' ಅನ್ನೋ ಹೆಸರು ಬಂತು. ನಮ್ಮ ಶರಣಬಸವೇಶ್ವರ ಜಾತ್ರೆಗೆ ಬಂದು ಹೋಗುವ ಅಂಗಡಿಗೂ, ವರ್ಷವಿಡೀ ಶಟರ್ ಎತ್ತುವ ಅಂಗಡಿಗೂ ಇರುವ ಫರಕು ನೆನೆಸಿಕೊಳ್ಳಿ. ಲಂಡನ್ನಿನಲ್ಲಿ ಈ ಸ್ಟೇಷನರುಗಳ ಸಂಘ 1403ರಲ್ಲೇ ಶುರುವಾಗಿತ್ತು, 1557ರಲ್ಲಿ ಅದಕ್ಕೆ ರಾಜಮನೆತನದ ಸನ್ನದೂ ಸಿಕ್ಕಿತು. ಸ್ಟೇಷನರ್ ಮಾರುವ ಸಾಮಾನು ಸ್ಟೇಷನರಿ. ಅಂದಮೇಲೆ ನನ್ನ ಬೋರ್ಡ್ ಪೂರಾ ಸುಳ್ಳೇನೂ ಆಗಿರಲಿಲ್ಲ, ಅಲ್ವಾ? ಅಂಗಡಿ ನಿಂತಲ್ಲೇ ಇದೆ!

ನೆನಪಿಡೋಕೆ ಸುಲಭ ದಾರಿ: 'ಪೇಪರ್' ಪದ ಇ-ಆರ್‌ನಿಂದ ಮುಗಿಯುತ್ತದೆ, ಪೇಪರ್ ಮಾರುವ ಅಂಗಡಿಗೂ ಅದೇ ಇ-ಆರ್. 'ಪಾರ್ಕ್' ಮಾಡಿದ ಗಾಡಿಗೆ ಎ-ಆರ್. ಕಿವಿಯನ್ನು ನಂಬಬೇಡಿ, ಎರಡರ ಉಚ್ಚಾರವೂ ಒಂದೇ. ಕನ್ನಡದಲ್ಲಿ ಬರೆದರೆ ಈ ತಾಪತ್ರಯವೇ ಇಲ್ಲ.

ಬೋರ್ಡ್ ಬದಲಿಸೋಕೆ ಜಾಸ್ತಿ ಖರ್ಚು ಅಂತ 'ಎ' ಮೇಲೆ 'ಇ' ಸ್ಟಿಕ್ಕರ್ ಅಂಟಿಸಿದೆ. ಎರಡು ಬೇಸಿಗೆ ಕಳೆದಿವೆ. ನಮ್ಮ ಕಲಬುರಗಿ ಬಿಸಿಲಿಗೆ ಸ್ಟಿಕ್ಕರಿನ ಒಂದು ಮೂಲೆ ಸುರುಳಿ ಸುತ್ತಿಕೊಂಡಿದೆ, ಅಡಿಯಿಂದ 'ಎ'ಯ ಓರೆ ಕಾಲು ಇಣುಕುತ್ತಿದೆ.